ಎಂಟನೇ ಹಾಡಿನ ಹನ್ನೊಂದು ಸೆಕೆಂಡು

ಡಿಸೆಂಬರ್ ೧೮

ವರ್ಷದ ಹತ್ತು
ರಾಕ್ ಮತ್ತು ಮೆಟಲ್ ಕೇಳುವ ಎಂಬತ್ತಮೂರು ಮಂದಿಗೆ, ಇಪ್ಪತ್ತೆರಡನೇ ವರ್ಷದ ಹಾಳೆ

ಗೆಳೆಯರೇ,

ವರ್ಷವಿಡೀ ಲಿಫ್ಟುಗಳ ಯಂತ್ರದ ಕೋಣೆಯಲ್ಲಿ, ಊಟದ ಹೊತ್ತಿನಲ್ಲಿ, ಗ್ರೀಸು ಮೆತ್ತಿದ ಹೆಡ್‌ಫೋನು ಹಾಕಿಕೊಂಡು ಅರವತ್ತೊಂದು ಆಲ್ಬಂ ಕೇಳಿದ್ದೇನೆ. ಅದರಲ್ಲಿ ಹತ್ತು ನಿಮಗೆ. ಹೊಸಬರಿಗಾಗಿ ನಮ್ಮ ನಿಯಮ ಇನ್ನೊಮ್ಮೆ: ಹೊಗಳುವುದಿರಲಿ, ಬಯ್ಯುವುದಿರಲಿ, ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಮೂರು ಸಲ ಕೇಳದೆ ನಾನು ಒಂದಕ್ಷರ ಬರೆಯುವುದಿಲ್ಲ. ಕೆಳಗಿರುವ ಸೀಲು ಅದಕ್ಕೇ ಸಾಕ್ಷಿ.

ಒಂದು. ‘ಇದ್ದಿಲು’ ಬ್ಯಾಂಡಿನ ‘ಬೆನ್ನುಮೂಳೆ’. ಎರಡು ಗಿಟಾರು, ಒಂದೇ ಹಟ. ನಲವತ್ತು ನಿಮಿಷ ಅವಸರವಿಲ್ಲದೆ ಭಾರ ಹೊತ್ತು ನಡೆಯುವ ಧೈರ್ಯ ಈಗ ಯಾರಿಗಿದೆ?

ಎರಡು. ‘ಹಳೇ ಗ್ಯಾರೇಜು’ ಅವರ ‘ಮೂರನೇ ಗೇರು’. ಇದು ಮೆಟಲ್ ಅಲ್ಲ, ಅಪ್ಪಟ ರಾಕ್. ಬೇಸ್ ಗಿಟಾರು ಹಿಡಿದ ಕೈಗೆ ನನ್ನದೊಂದು ಸಲಾಮು.

ಮೂರು. ‘ಕಪ್ಪು ಸುತ್ತಿಗೆ’ಯವರ ‘ಒಂಬತ್ತು ಗೋಡೆ’. ಮೊದಲ ನಾಲ್ಕು ಹಾಡು ನಿದ್ದೆ ಬರಿಸುತ್ತವೆ, ಐದನೆಯದು ಕುತ್ತಿಗೆ ಪಟ್ಟಿ ಹಿಡಿದು ಎಬ್ಬಿಸುತ್ತದೆ. ಅರ್ಧಕ್ಕೇ ಕೈಬಿಟ್ಟವರಿಗೆ ಇದು ದಕ್ಕುವುದಿಲ್ಲ.

ನಾಲ್ಕರಿಂದ ಹತ್ತರವರೆಗೆ ಹಿಂದಿನ ಪುಟ ನೋಡಿ.

ಇನ್ನು ವರ್ಷದ ಕಸ. ‘ತುಕ್ಕು’ ಎನ್ನುವ ಹೊಸ ಬ್ಯಾಂಡು, ‘ಹಲ್ಲಚ್ಚು’ ಎನ್ನುವ ಆಲ್ಬಂ, ಎಂಟು ಹಾಡು. ಹೊದಿಕೆಯ ಮೇಲೆ ಒಬ್ಬರ ಹೆಸರೂ ಇಲ್ಲ. ಯಾಕಿಲ್ಲ ಎನ್ನುವುದು ಕೇಳಿದ ಮೇಲೆ ಅರ್ಥವಾಯಿತು. ಡ್ರಮ್ಮಿನವನು ಬಸ್ಸು ತಪ್ಪಿಹೋಗುತ್ತದೆಂದು ಓಡುವವನ ಹಾಗೆ ಓಡುತ್ತಾನೆ. ಕೂಗುವವನಂತೂ ಗಂಟಲಿಗೆ ಅರ ಹಾಕಿ ಉಜ್ಜಿಕೊಂಡಿದ್ದಾನೆ. ತಮ್ಮಾ, ಇದು ನಿನ್ನ ಗಂಟಲಿಗೆ ಬರುವುದಲ್ಲ. ಕೆಲವರು ಕೇಳುವುದಕ್ಕೆಂದೇ ಹುಟ್ಟಿರುತ್ತಾರೆ. ಬಾಯಿ ಮುಚ್ಚಿಕೊಂಡು ಕೇಳಿದರೆ ಅವರಿಗೂ ಸುಖ, ಊರಿಗೂ ಸುಖ.

ಇಂತಿ,
ಲಿಫ್ಟಿನವನು

ಸೀಲು: ಮೂರು ಸಲ ಪೂರ್ತಿ ಕೇಳಿದ್ದೇನೆ

ಮಗಳೇ, ಇದು ನಿನ್ನ ಪ್ರತಿಗೆ ಮಾತ್ರ, ಕೈಬರಹದಲ್ಲಿ. ನಿನ್ನ ಪಟ್ಟಿ ಇನ್ನೂ ಬಂದಿಲ್ಲ. ಹತ್ತನೇ ವಯಸ್ಸಿನಿಂದ ಒಂದು ವರ್ಷವೂ ತಪ್ಪಿಸಿದವಳಲ್ಲ ನೀನು. ಹಲ್ಲಿನ ಲ್ಯಾಬಿನಲ್ಲಿ ಅಷ್ಟೊಂದು ಕೆಲಸವೇ? ಬೇಗ ಕಳಿಸು. ಪಟ್ಟಿಯ ಜಗಳ ಫೋನಿನಲ್ಲಿ ಬೇಡ, ಎಂದಿನಂತೆ ಕಾಗದದಲ್ಲೇ ಆಡೋಣ. ಅಪ್ಪ.


ಜನವರಿ ೪

ಅಪ್ಪಾ,

ನನ್ನ ಪಟ್ಟಿ ಈ ವರ್ಷ ಬರುವುದಿಲ್ಲ. ಕಾಯಬೇಡ.

ನೀನು ‘ತಮ್ಮಾ’ ಎಂದು ಕರೆದು ಬುದ್ಧಿ ಹೇಳಿದ್ದು ನನಗೆ. ‘ತುಕ್ಕು’ ಬ್ಯಾಂಡಿನ ಗಂಟಲು ನನ್ನದು.

ಇನ್ನೊಮ್ಮೆ ಓದಿಕೋ. ನಾನು ಕಾಯುತ್ತೇನೆ.

ಮೂರು ವರ್ಷದಿಂದ ಕೂಗುತ್ತಿದ್ದೇನೆ. ಲ್ಯಾಬಿನಲ್ಲಿ ಹಗಲೆಲ್ಲ ಮೇಣದಲ್ಲಿ ಹಲ್ಲು ಕೂರಿಸುತ್ತೇನೆ, ಸಂಜೆ ಆರಕ್ಕೆ ಒಂದು ಕುರ್ಚಿ ಅಂಗಡಿಯ ಗೋದಾಮಿಗೆ ಹೋಗುತ್ತೇನೆ. ನೀನು ಬಸ್ಸಿಗೆ ಓಡಿಸಿದ ಡ್ರಮ್ಮಿನವನು ನಮ್ಮ ಲ್ಯಾಬಿನಲ್ಲೇ ಪ್ಲಾಸ್ಟರು ಕಲಸುವವನು. ಗಿಟಾರಿನವನು ಶಾಲೆಯ ವ್ಯಾನು ಓಡಿಸುತ್ತಾನೆ. ಹೊದಿಕೆಯ ಮೇಲೆ ಹೆಸರು ಬೇಡ ಎಂದವಳು ನಾನೇ. ಯಾರಿಗಾಗಿ ಹಾಗೆಂದೆ ಗೊತ್ತೇ? ನಿನಗಾಗಿ. ಮಗಳು ಎಂದು ನೀನು ಹೊಗಳಬಾರದು, ಮಗಳು ಎಂದು ಬಯ್ಯಲೂಬಾರದು, ಬರೀ ಕಿವಿ ಕೊಟ್ಟು ಕೇಳಬೇಕು ಎಂದು. ನಿನ್ನ ವಿಳಾಸ ಬರೆಯುವಾಗ ಅಕ್ಷರ ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆದೆ. ಎಂಥ ದಡ್ಡಿ ನಾನು.

ನಿನ್ನ ಹಾಳೆ ಏನು ಮಾಡಿತು ಎಂದೂ ಹೇಳಿಬಿಡುತ್ತೇನೆ. ಈ ಊರಿನಲ್ಲಿ ನಮ್ಮಂಥವರಿಗೆ ಇರುವುದು ಒಂದೇ ಸಭಾಂಗಣ. ಏಪ್ರಿಲ್ ಹನ್ನೆರಡಕ್ಕೆ ಅಲ್ಲಿ ನಮ್ಮ ಮೊದಲ ಕಾರ್ಯಕ್ರಮ ನಿಗದಿಯಾಗಿತ್ತು. ಅದರ ಮ್ಯಾನೇಜರು ನಿನ್ನ ಎಂಬತ್ತಮೂರು ಮಂದಿಯಲ್ಲಿ ಒಬ್ಬರು. ಮೊನ್ನೆ ಮೂವರನ್ನೂ ಕರೆಸಿ ಹಾಳೆಯನ್ನು ಮೇಜಿನ ಮೇಲಿಟ್ಟರು. “ಲಿಫ್ಟಿನವರು ಮೂರು ಸಲ ಕೇಳಿ ಬರ್ದಿದಾರೆ ಕಣ್ರೀ. ಅವರ ಮಾತು ಮೀರಿ ನಾನು ನಿಮ್ಮನ್ನ ಹೆಂಗೆ ಸ್ಟೇಜ್ ಹತ್ತಿಸ್ಲಿ?” ಎಂದರು. ಹೊರಗೆ ಬಂದ ಮೇಲೆ ಗಿಟಾರಿನವನು ವ್ಯಾನಿನ ಕೀಲಿ ತಿರುಗಿಸುತ್ತಾ, ನನ್ನ ಮುಖ ನೋಡದೆ, “ಬೇರೆ ಗಂಟಲು ಹುಡುಕೋಣ್ವಾ?” ಎಂದ. ಬೇರೆ ಗಂಟಲು ಎಂದರೆ ಗಂಡು ಗಂಟಲು. ಮಾರ್ಚ್ ಮುಗಿಯುವುದರೊಳಗೆ ತೀರ್ಮಾನ ಮಾಡುತ್ತಾರಂತೆ.

ಬಯ್ದದ್ದಕ್ಕೆ ಅಳುತ್ತಾ ಕೂರುವವಳಲ್ಲ ನಾನು. ನಿನ್ನ ಬೈಗುಳ ಕೇಳಿಯೇ ಬೆಳೆದವಳು. ನನಗೆ ಬೇಕಾದ್ದು ಒಂದೇ ಉತ್ತರ. ಮೂರು ಸಲ ಕೇಳಿದೆಯಾ? ಎಂಟೂ ಹಾಡು?

ನಿನ್ನ ಮಗಳು


ಜನವರಿ ೧೩

ಮಗಳೇ,

ನಿನ್ನ ಕಾಗದ ಓದಿ ಮೈಯೆಲ್ಲ ಉರಿದುಹೋಯಿತು. ಕೆಲಸಕ್ಕೆ ಹೋದವನು ಒಂದು ನಟ್ಟು ಬಿಗಿಯುವುದಕ್ಕೆ ಅರ್ಧ ಗಂಟೆ ತೆಗೆದುಕೊಂಡೆ.

ಮೂರು ವರ್ಷ. ಪ್ರತಿ ಭಾನುವಾರ ಫೋನಿನಲ್ಲಿ “ಏನಿಲ್ಲಪ್ಪ, ಮಾಮೂಲಿ” ಎಂದೆಯಲ್ಲ, ಅದೆಲ್ಲ ಏನು? ನಿನಗೆ ಹತ್ತು ತುಂಬುವ ಮೊದಲೇ ಗಿಟಾರಿನ ಸದ್ದಿನಲ್ಲಿ ಯಾವುದು ಬೇಸು, ಯಾವುದು ಲೀಡು ಎಂದು ಬೆರಳು ಮಡಿಸಿ ಎಣಿಸಿ ತೋರಿಸಿದವನು ನಾನು. ಆ ನನಗೇ ಮುಚ್ಚಿಟ್ಟೆ. ಹೆಸರು ಅಡಗಿಸಿ, ಎಡಗೈಯಲ್ಲಿ ವಿಳಾಸ ಬರೆದು, ನನ್ನ ಕೈಯಿಂದಲೇ ನಿನಗೆ ಹೊಡೆಸಿಕೊಂಡು, ಈಗ ನೋವಾಯಿತು ಎನ್ನುತ್ತೀಯ. ಇದನ್ನು ಪರೀಕ್ಷೆ ಎನ್ನುವುದಿಲ್ಲ, ಹೊಂಚು ಹಾಕುವುದು ಎನ್ನುತ್ತಾರೆ.

ಪಟ್ಟಿ ಬದಲಾಗುವುದಿಲ್ಲ. ನಿನ್ನ ಸೋದರಮಾವ ತಾನು ಬೇಸ್ ನುಡಿಸಿದ ಆಲ್ಬಮನ್ನು ಮನೆಗೇ ತಂದುಕೊಟ್ಟಾಗಲೂ ನನಗೆ ಅನಿಸಿದ್ದನ್ನೇ ಬರೆದೆ. ಎರಡು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ ಅವನು. ಅವನಿಗೊಂದು ನ್ಯಾಯ, ನಿನಗೊಂದು ನ್ಯಾಯ ಮಾಡಲೇ?

ಕೇಳಿದ್ದೇನೆ. ಎಂಟೂ ಹಾಡು, ಮೂರು ಸಲ. ಇಪ್ಪತ್ತೆರಡು ವರ್ಷದ ಸೀಲನ್ನು ಅನುಮಾನಿಸುವಷ್ಟು ದೊಡ್ಡವಳಾಗಿಬಿಟ್ಟೆಯಾ? ಕೇಳಿದೆಯಲ್ಲ, ಅದಕ್ಕೇ ಹೇಳುತ್ತೇನೆ: ಕೊನೆಯ ಹಾಡಂತೂ ಎಲ್ಲಕ್ಕಿಂತ ಸಪ್ಪೆ.

ಸಭಾಂಗಣದವರು ಮಾಡಿದ್ದು ಅವರ ತೀರ್ಮಾನ, ಅದಕ್ಕೆ ನನ್ನನ್ನು ದೂರಬೇಡ.

ಅಪ್ಪ


ಜನವರಿ ೨೨

ಅಪ್ಪಾ,

ಕೊನೆಯ ಹಾಡು ಸಪ್ಪೆ ಎಂದೆಯಲ್ಲ, ಒಳ್ಳೆಯದು. ಅದು ಶುರುವಾಗುವುದು ಹೇಗೆ? ಗಿಟಾರಿನಿಂದಲೇ, ಡ್ರಮ್ಮಿನಿಂದಲೇ, ಇನ್ನಾವುದರಿಂದಲಾದರೂ? ಒಂದು ಸಾಲು ಬರೆದು ಕಳಿಸು. ಮೊದಲ ಹನ್ನೊಂದು ಸೆಕೆಂಡು ಸಾಕು. ಬೇರೆ ಯಾರು ಬೇಕಾದರೂ ಅದನ್ನು ಕೇಳಿ ಮರೆತಿರಬಹುದು. ನೀನು ಕೇಳಿದ್ದರೆ ಈ ಹಾಳೆ ಬರೆಯುತ್ತಲೇ ಇರಲಿಲ್ಲ.

ನಿನ್ನ ಒಂದು ಸಾಲು ಬರುವವರೆಗೆ ಭಾನುವಾರದ ಫೋನು ಎತ್ತುವುದಿಲ್ಲ.

ನಿನ್ನ ಮಗಳು


ಫೆಬ್ರವರಿ ೧೬

ಮಗಳೇ,

ನಾನು ಕಣೇ, ಅಮ್ಮ. ನಿಮ್ಮಿಬ್ಬರ ಕಾಗದದ ಜಗಳದಲ್ಲಿ ಇಷ್ಟು ವರ್ಷ ತಲೆ ಹಾಕಿದವಳಲ್ಲ. ನನಗೆ ಮಾತಾಡೋ ಹಂಗೇ ಬರೆಯೋಕೆ ಬರೋದು, ಹಂಗೇ ಓದ್ಕೋ.

ನಿನ್ನ ಕಾಗದ ಬಂದ ದಿನ ನಿಮ್ಮಪ್ಪ ಏನೂ ಆಗಿಲ್ಲ ಅನ್ನೋ ಥರ ಮಡಚಿ ಜೇಬಿಗೆ ಹಾಕ್ಕೊಂಡ್ರು. ಆಮೇಲೆ ಹುಡುಕಾಟ ಶುರುವಾಯ್ತು. ಕಪಾಟು, ಮಂಚದ ಕೆಳಗೆ, ಹಳೇ ಪೇಪರ್ ಗಂಟು, ಎಲ್ಲಾ ತಡಕಿದ್ದೇ ತಡಕಿದ್ದು. “ಏನ್ರೀ ಕಳ್ಕೊಂಡಿದೀರಾ?” ಅಂದ್ರೆ “ಸ್ಪ್ಯಾನರು” ಅಂತಾರೆ. ಎರಡು ವಾರ ಹುಡುಕಿದ್ರು ಆ ಸ್ಪ್ಯಾನರನ್ನ. ಕೊನೆಗೆ ಸಿಕ್ಕಿದ್ದು ನನಗೆ, ಟೂಲ್ ಬ್ಯಾಗಿನ ತಳದಲ್ಲಿ, ಗ್ರೀಸ್ ಬಟ್ಟೆ ಒಳಗೆ. ಸಿಡಿ ಮೇಲೆ ‘ಹಲ್ಲಚ್ಚು’ ಅಂತ ನೋಡಿದ ತಕ್ಷಣ ನನಗೆ ಗೊತ್ತಾಯ್ತು. ಹಂಗಂತ ಹೆಸರಿಡೋರು ಈ ಪ್ರಪಂಚದಲ್ಲಿ ನನ್ನ ಮಗಳು ಬಿಟ್ರೆ ಇನ್ಯಾರಿದ್ದಾರೆ? ಇಷ್ಟು ಕೇಳೋ ಕಿವಿ ಇಟ್ಕೊಂಡು ಅವರಿಗೆ ಅದು ಹೊಳೀಲಿಲ್ಲ ನೋಡು.

ಹೋದ ಭಾನುವಾರ ಮಧ್ಯಾಹ್ನ ಕೂತು ಕೇಳಿದ್ರು. ನಾನು ಎದುರಿಗೇ ತರಕಾರಿ ಹೆಚ್ಚುತ್ತಾ ಇದ್ದೆ. ಮುಖ ಗಂಟು ಹಾಕ್ಕೊಂಡೇ ಇದ್ರು, ಕಾಲ್ಬೆರಳು ಮಾತ್ರ ತಾಳ ಹಾಕ್ತಾ ಇತ್ತು. ನಾನು ನೋಡಿದ್ದು ಕಂಡು ಕಾಲು ಒಳಗೆಳ್ಕೊಂಡ್ರು. ಆಮೇಲೆ ಇದ್ದಕ್ಕಿದ್ದಂಗೆ ಹೆಡ್‌ಫೋನು ಕಿತ್ತು, ಹಿಂದೆ ತಿರುಗಿ ಬಾಗಿಲು ನೋಡಿದ್ರು. ಯಾರೋ ಬಂದು ನಿಂತು ಬೈದ್ರು ಅನ್ನೋ ಹಂಗೆ. ಬಾಗಿಲಲ್ಲಿ ಯಾರೂ ಇರ್ಲಿಲ್ಲ.

ನನ್ನ ಕಡೆ ತಿರುಗಿ ಕೂಗಾಡೋಕೆ ಶುರು ಮಾಡಿದ್ರು. “ನನ್ನ ಧ್ವನಿ ಹಾಕಿದಾಳೆ. ನನ್ನನ್ನ ಒಂದು ಮಾತು ಕೇಳದೆ ನನ್ನ ಧ್ವನಿ ಹಾಕಿದಾಳೆ” ಅಂತ. ನಾನು ಚಾಕು ಕೆಳಗಿಟ್ಟೆ. “ಅವತ್ತು ನೀವು ಅವಳನ್ನ ಕೇಳಿ ಕೂಗಿದ್ರಾ?” ಅಂದೆ. ಅಲ್ಲಿಂದ ನನ್ನ ಹತ್ರ ಮಾತಿಲ್ಲ. ನಾನೂ ಬಿಟ್ಟಿದೀನಿ. ಈಗ ಮನೇಲಿ ಮಾತಾಡೋದು ಮಿಕ್ಸಿ ಒಂದೇ.

ಅವರು ಎದ್ದು ಹೋದ ಮೇಲೆ ನಾನೂ ಹೆಡ್‌ಫೋನು ಹಾಕ್ಕೊಂಡು ಕೇಳಿದೆ. ಹದಿಮೂರು ವರ್ಷದವಳು ರೂಮಲ್ಲಿ ಟೇಪ್ ರೆಕಾರ್ಡರ್ ಮುಂದೆ ಕೂತು ಕೂಗ್ತಾ ಇದ್ದೆ ನೀನು. ಅವರು ಬಾಗಿಲು ತಳ್ಕೊಂಡು ಬಂದದ್ದು, ಅಂದದ್ದು, ಒಂದಕ್ಷರ ಬಿಡದಂಗೆ ಇದೆ. “ನಿಲ್ಸು. ಇದು ನಿನ್ನ ಗಂಟಲಿಗೆ ಬರೋದಲ್ಲ. ನೀನು ಕೇಳೋಕೆ ಹುಟ್ಟಿದವಳು, ಕೂಗೋಕಲ್ಲ. ಬಾಯಿ ಮುಚ್ಕೊಂಡು ಕೇಳು.” ಆ ಕ್ಯಾಸೆಟ್ಟನ್ನ ಹದಿನಾರು ವರ್ಷ ಇಟ್ಕೊಂಡಿದ್ಯಲ್ಲೇ.

ಆದ್ರೆ ಅದರಲ್ಲಿ ಇನ್ನೊಂದು ಇದೆ. ನಿಮ್ಮಪ್ಪನಿಗೆ ಕೇಳಿಸಿರಲ್ಲ, ನನಗೆ ಕೇಳಿಸ್ತು. ಹಿಂದೆ ಅಡುಗೆಮನೇಲಿ ಪಾತ್ರೆ ತೊಳಿಯೋ ಸದ್ದು. ಅವರು ಕೂಗಿದ ತಕ್ಷಣ ಅದು ನಿಲ್ಲುತ್ತೆ. ಆಮೇಲೆ ಮತ್ತೆ ಶುರುವಾಗುತ್ತೆ. ಅದು ನಾನು. ಕೇಳಿಸ್ಕೊಂಡೆ, ನಿಂತೆ, ಮತ್ತೆ ತೊಳೆದೆ. ಒಳಗೆ ಬರ್ಲಿಲ್ಲ. ಅವರ ಮೇಲೆ ನನಗೆ ಒಂದು ಪಾಲು ಸಿಟ್ಟಿದ್ರೆ ನನ್ನ ಮೇಲೆ ಎರಡು ಪಾಲಿದೆ.

ನಿನ್ನ ಕೂಗು ನನಗೆ ಅರ್ಥವಾಗೋದಿಲ್ಲ, ತಲೆ ಸಿಡಿಯುತ್ತೆ. ಆದ್ರೂ ದಿನಾ ಹಾಕ್ತೀನಿ. ಅವರಿಗೆ ಕೇಳ್ಲಿ ಅಂತ ಜೋರಾಗಿ ಹಾಕ್ತೀನಿ.

ಅಮ್ಮ


ಮಾರ್ಚ್ ೨೦

ವರ್ಷದ ಹತ್ತು: ತಿದ್ದುಪಡಿ
ಎಂಬತ್ತಮೂರು ಮಂದಿಗೂ

ಗೆಳೆಯರೇ,

ಮಾರ್ಚ್‌ನಲ್ಲಿ ಹಾಳೆ ಬಂದದ್ದು ನೋಡಿ ಆಶ್ಚರ್ಯವಾಗಿರಬಹುದು. ಇಪ್ಪತ್ತೆರಡು ವರ್ಷದಲ್ಲಿ ಇದು ಮೊದಲನೆಯ ತಿದ್ದುಪಡಿ, ಮತ್ತು ಕೊನೆಯದು.

ಡಿಸೆಂಬರಿನ ಹಾಳೆಯ ಸೀಲು ಸುಳ್ಳು. ‘ಹಲ್ಲಚ್ಚು’ ಆಲ್ಬಮನ್ನು ನಾನು ಮೂರು ಸಲ ಕೇಳಿರಲಿಲ್ಲ. ಒಂದು ಸಲವೂ ಕೇಳಿರಲಿಲ್ಲ. ಮೂರನೇ ಹಾಡಿನ ನಡುವೆ ಇದ್ದಾಗ ಯಾವುದೋ ಕಟ್ಟಡದಲ್ಲಿ ಜನ ಲಿಫ್ಟಿನೊಳಗೆ ಸಿಕ್ಕಿಕೊಂಡಿದ್ದಾರೆಂದು ಫೋನು ಬಂತು, ಎದ್ದು ಹೋದೆ. ಮತ್ತೆ ಹಾಕಲಿಲ್ಲ. ಹಾಳೆಗೆ ಹೊತ್ತಾಗಿತ್ತು. ಹೊಸಬರು, ಹೇಳುವವರು ಕೇಳುವವರು ಯಾರೂ ಇಲ್ಲ, ಬಯ್ದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ನಾಲ್ಕು ಸಾಲು ಬಯ್ದು ಸೀಲು ಒತ್ತಿದೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ಹಿಂದಿನ ಪುಟದ ಏಳು, ಎಂಟು, ಹತ್ತನೇ ಆಲ್ಬಮುಗಳದ್ದೂ ಇದೇ ಕಥೆ. ಕಿವಿ ಮೊದಲಿನ ಹಾಗಿಲ್ಲ, ಬೇಗ ದಣಿಯುತ್ತದೆ. ಅದನ್ನು ನಿಮಗೆ ಹೇಳುವ ಬದಲು ಸೀಲು ಒತ್ತುತ್ತಾ ಬಂದೆ.

ಈಗ ಮೂರು ಸಲ ಕೇಳಿದ್ದೇನೆ, ಪೂರ್ತಿ. ಮಗಳು ಎಂದು ಸಕ್ಕರೆ ಹಾಕುವುದಿಲ್ಲ. ಹೌದು, ಅಲ್ಲಿ ಕೂಗುವುದು ಗಂಡಸಲ್ಲ, ನನ್ನ ಮಗಳು. ಅದನ್ನೂ ನನಗೆ ಅವಳೇ ಬರೆದು ತಿಳಿಸಬೇಕಾಯಿತು. ಡ್ರಮ್ಮಿನವರು ಮೂರನೇ ಹಾಡಿನಲ್ಲಿ ಈಗಲೂ ಓಡುತ್ತಾರೆ, ಐದನೆಯದರಲ್ಲಿ ನಿಂತು ಹೊಡೆದಿದ್ದಾರೆ. ಆರನೇ ಹಾಡು ಎರಡು ನಿಮಿಷ ಉದ್ದವಾಯಿತು. ಗಂಟಲಿನ ಬಗ್ಗೆ: ಅರ ಹಾಕಿ ಉಜ್ಜಿಕೊಂಡದ್ದಲ್ಲ, ಉಸಿರು ಹೊಟ್ಟೆಯಿಂದ ಬರುತ್ತಿದೆ, ಎಂಟು ಹಾಡಿನುದ್ದಕ್ಕೂ ಒಂದೆಡೆಯೂ ಹರಿಯುವುದಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಇಂಥ ಗಂಟಲು ಕೇಳಿದ್ದು ನಾಲ್ಕೋ ಐದೋ ಸಲ. ಪಟ್ಟಿಯಲ್ಲಿ ಇದರ ಜಾಗ ಎರಡನೆಯದು. ‘ಬೆನ್ನುಮೂಳೆ’ ಇನ್ನೂ ಒಂದು ಕೈ ಮೇಲೆ.

ಎಂಟನೇ ಹಾಡು ಒಬ್ಬ ಗಂಡಸಿನ ಬೈಗುಳದಿಂದ ಶುರುವಾಗುತ್ತದೆ. ಹನ್ನೊಂದು ಸೆಕೆಂಡು, ಹದಿಮೂರು ವರ್ಷದ ಹುಡುಗಿಗೆ ಬಾಯಿ ಮುಚ್ಚು ಎನ್ನುತ್ತಾನೆ. ಆ ಗಂಡಸು ನಾನು. ಡಿಸೆಂಬರಿನಲ್ಲಿ ಅದೇ ಮಾತನ್ನು ಎಂಬತ್ತಮೂರು ಪ್ರತಿ ಮಾಡಿಸಿ, ಒಂದನ್ನು ಅವಳಿಗೇ ಕಳಿಸಿದೆ. ಇಡೀ ಆಲ್ಬಮಿನಲ್ಲಿ ಅತ್ಯಂತ ಕೆಟ್ಟ ಹನ್ನೊಂದು ಸೆಕೆಂಡು ನನ್ನವು.

ಸಭಾಂಗಣ ನಡೆಸುವ ಓದುಗರಿಗೆ ಒಂದು ಮಾತು. ನೀವು ನಂಬಿದ್ದು ಸೀಲನ್ನು. ಅದು ಇನ್ನು ನನ್ನ ಹತ್ತಿರ ಇರುವುದಿಲ್ಲ. ಈ ಅಂಚೆಯಲ್ಲೇ ಅದನ್ನು ಮಗಳಿಗೆ ಕಳಿಸುತ್ತಿದ್ದೇನೆ.

ಇಂತಿ,
ಲಿಫ್ಟಿನವನು

ಸೀಲು ಇಲ್ಲ


ಮಾರ್ಚ್ ೩೦

ಅಪ್ಪಾ,

ಹಾಳೆ ಬಂತು. ಸೀಲೂ ಬಂತು. ಅದನ್ನು ಲ್ಯಾಬಿನ ಡ್ರಾಯರಿನಲ್ಲಿ, ಯಾರೂ ತೆಗೆದುಕೊಂಡು ಹೋಗದ ಹಲ್ಲಿನ ಸೆಟ್ಟುಗಳ ಜೊತೆ ಇಟ್ಟಿದ್ದೇನೆ.

ಸಭಾಂಗಣದ ಮ್ಯಾನೇಜರು ಮೊನ್ನೆ ತಾವಾಗಿಯೇ ಫೋನು ಮಾಡಿದರು. ಏಪ್ರಿಲ್ ಹನ್ನೆರಡು ಮತ್ತೆ ನಮ್ಮದು. ಗಿಟಾರಿನವನು ಏನೂ ಆಗದವನ ಹಾಗೆ ಬಂದು, “ಆ ಬೇರೆ ಗಂಟಲಿನ ವಿಷ್ಯ ಬಿಟ್ಬಿಡು, ಸುಮ್ನೆ ಬಾಯಿಗೆ ಬಂತು ಅಂದೆ” ಎಂದ. ಅವನಿಗೆ ಸರಿಯಾಗಿ ಮಂಗಳಾರತಿ ಎತ್ತಿದೆ. ಡ್ರಮ್ಮಿನವನು ನಿನ್ನ ಮೇಲೆ ಮುನಿಸಿಕೊಂಡಿದ್ದಾನೆ, ಮೂರನೇ ಹಾಡನ್ನು ಮಾತ್ರ ದಿನಾ ನಿಧಾನವಾಗಿ ಅಭ್ಯಾಸ ಮಾಡುತ್ತಿದ್ದಾನೆ.

ನನ್ನ ಕೋಪ ಇಳಿದಿಲ್ಲ. ನೀನು ಎಂಬತ್ತಮೂರು ಜನಕ್ಕೆ ಎರಡು ಪುಟ ಬರೆದೆ. ನನ್ನ ಪ್ರತಿಯ ಕೆಳಗೆ ಕೈಬರಹದ ಒಂದು ಸಾಲು ಇರುತ್ತದೆಂದು ತಿರುಗಿಸಿ ತಿರುಗಿಸಿ ನೋಡಿದೆ. ಬರೀ ಹಾಳೆ. ಊರಿಗೆಲ್ಲ ಹೇಳುವುದು ನಿನಗೆ ಸುಲಭ, ನನಗೆ ಹೇಳುವುದು ಕಷ್ಟ, ಅಲ್ಲವೇ?

ಹಾಗಾದರೆ ನಿನಗೆ ಸುಲಭವಾದ ಕಡೆಯೇ ಹೇಳು. ಹನ್ನೆರಡನೇ ತಾರೀಖು ಬಾ. ಎಂಟನೇ ಹಾಡಿಗೆ ನಾವು ಆ ಟೇಪು ಹಾಕುವುದಿಲ್ಲ. ನೀನೇ ಸ್ಟೇಜು ಹತ್ತಿ ಮೈಕಿನ ಮುಂದೆ ನಿಂತು ಆ ಮಾತು ಹೇಳಬೇಕು. ಅದೇ ನಾಲ್ಕು ವಾಕ್ಯ, ಅದೇ ಧ್ವನಿಯಲ್ಲಿ, ನನ್ನ ಮುಖ ನೋಡಿಕೊಂಡು. ಅವತ್ತು ನೀನು ಅಂದ ಮೇಲೆ ನಾನು ಟೇಪು ನಿಲ್ಲಿಸಿದೆ. ಈ ಸಲ ನೀನು ಮುಗಿಸಿದ ಮೇಲೆ ನಾನು ಶುರುಮಾಡುತ್ತೇನೆ.

ಆಗುವುದಿಲ್ಲ ಎಂದಾದರೆ ಹಾಗೆಂದೇ ಬರೆ. ಕಾರಣ ಬೇಡ.

ನಿನ್ನ ಮಗಳು


ಏಪ್ರಿಲ್ ೬

ಮಗಳೇ,

ಬರುತ್ತೇನೆ. ಅಮ್ಮನೂ ಬರುತ್ತಾಳೆ. ಮಾತು ಬಿಟ್ಟವಳು ನಿನ್ನ ಕಾಗದ ಓದಿದ ಮೇಲೆ ಬಾಯಿ ತೆರೆದಳು. ತಾನೂ ಸ್ಟೇಜು ಹತ್ತುತ್ತಾಳಂತೆ, ಪಾತ್ರೆ ಹಿಡಿದುಕೊಂಡಲ್ಲ, ಬರೀ ಕೈಯಲ್ಲಿ. ಅವತ್ತು ಒಳಗೆ ಬರಲಿಲ್ಲವಲ್ಲ, ಈ ಸಲ ನಿನ್ನ ಪಕ್ಕಕ್ಕೆ ಬಂದು ನಿಲ್ಲುತ್ತಾಳಂತೆ. ಹೀಗೇ ಬರೆಯಬೇಕೆಂದು ಹೇಳಿ, ಬರೆದೆನೋ ಇಲ್ಲವೋ ಎಂದು ಓದಿ ನೋಡಿಕೊಂಡೇ ಹೋದಳು.

ನನಗೂ ಸಿಟ್ಟು ಇಳಿದಿಲ್ಲ. ಮೊದಲು ಅದು ನಿನ್ನ ಮೇಲೆ ಎಂದುಕೊಂಡಿದ್ದೆ.

ನನ್ನ ಕೆಲಸದಲ್ಲಿ ರೂಢಿ ಇದೆಯಲ್ಲ, ಜನರನ್ನು ಹತ್ತಿಸುವ ಮೊದಲು ಖಾಲಿ ಲಿಫ್ಟನ್ನು ಓಡಿಸಿ ನೋಡುತ್ತೇವೆ. ಹಾಗೆಯೇ ಇವತ್ತು ಊಟದ ಹೊತ್ತಿನಲ್ಲಿ ಯಂತ್ರದ ಕೋಣೆಯ ಬಾಗಿಲು ಹಾಕಿಕೊಂಡು ಆ ನಾಲ್ಕು ವಾಕ್ಯ ಹೇಳಿ ನೋಡಿದೆ. ‘ನಿಲ್ಸು’ ಎನ್ನುವವರೆಗೆ ಸರಿಯಾಗಿ ಬರುತ್ತದೆ. ‘ನಿನ್ನ ಗಂಟಲಿಗೆ’ ಎನ್ನುವಷ್ಟರಲ್ಲಿ ನನ್ನದು ಕಟ್ಟಿಕೊಳ್ಳುತ್ತದೆ.

ಮೂರು ಸಲ ಹೇಳಿದೆ. ಒಂದು ಸಲವೂ ಪೂರ್ತಿ ಆಗಲಿಲ್ಲ.

ಅಪ್ಪ